‘ಗಚ್ಚ ತುಂಬ್ಯಾದ’: ಗಡಿಗನ್ನಡದ ಒಂದು ನುಡಿಯ ವಿಚಾರ

ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಕನ್ನಡದಲ್ಲಿ ‘ಪೂರ್ತಿ ತುಂಬಿದೆ’ ಎನ್ನಲು ಒಂದೇ ಮಾತು ನಾನು ಕೇಳಿಲ್ಲ. ಚೀಲ ‘ಗಚ್ಚ ತುಂಬ್ಯಾದ’, ಭಾಂವಿ ‘ತುಡುಂಬ ತುಂಬ್ಯಾದ’, ಜಾತ್ರ್ಯಾಗ ಮಂದಿ ‘ಕಿಕ್ಕಿರದಾರ’. ಗಚ್ಚ, ತುಡುಂಬ ಮರಾಠಿಯಲ್ಲಿಯೂ ಉಂಟು. ಅಷ್ಟಕ್ಕೇ ಪದಸಂಗ್ರಹಕಾರರು ಮುಂದೆ ‘ಮರಾಠಿ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ನನ್ನ ತಕರಾರು ಈ ಅವಸರದ ಬಗ್ಗೆ.

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಸಂಸ್ಕೃತ ಕಲಿಸುವಾಗ ‘ಖಚಾಖಚ’ ಎಂಬುದು ‘ಖಚಿತ’ದಿಂದ ಬಂತೆಂದು ಹುಡುಗರಿಗೆ ಠಸ್ಸೆ ಹೊಡೆದಂತೆ ಹೇಳುತ್ತಿದ್ದೆ. ಖಚಿತವೆಂದರೆ ಮುಖ್ಯವಾಗಿ ರತ್ನ ಕೂಡಿಸಿದ್ದು, ತುರುಕಿದ್ದಲ್ಲ. ಧ್ವನಿಯ ಅನುಕರಣದಿಂದ ಹುಟ್ಟುವ ‘ಪಟಪಟಾ’ದಂಥ ರೂಪಗಳಿಗೆ ಪಾಣಿನಿಯೇ (5.4.57) ಬೇರೆ ದಾರಿ ಹೇಳಿದ್ದಾನೆ. ಎಲ್ಲ ಮಾತಿಗೂ ಧಾತು ಹುಡುಕುವುದು ಪಾಂಡಿತ್ಯವಲ್ಲ, ಚಟ.

ಗಚ್ಚಕ್ಕೆ ಇನ್ನೊಂದು ಬಲೆಯಿದೆ. ಗಚ್ಚು ಅಂದರೆ ಸುಣ್ಣದ ಗಾರೆ. ಪಾರಸಿಯ ‘ಗಚ್’ ಅದರ ಮೂಲ. ಗಾರೆಯೂ ಗಟ್ಟಿ, ತುಂಬಿದ ಚೀಲವೂ ಗಟ್ಟಿ, ಕಥೆ ಹೊಂದಿಕೊಂಡಿತು! ಆದರೆ ಹೊಂದಿಕೆಯೇ ಪುರಾವೆಯಲ್ಲ. ಇದೇ ಅರ್ಥದ ಇಂಗ್ಲಿಷಿನ ‘ಚಾಕ್‌ಫುಲ್’ ನೋಡಿರಿ. ಗಾಲಿಗೆ ಕೊಡುವ ಮರದ ಅಡೆ, ‘ಚಾಕ್’, ಅದರ ಮೂಲವೆಂದು ಹೇಳುವುದುಂಟು. ಆದರೆ ಸುಮಾರು 1400ರ ಕಾವ್ಯದಲ್ಲಿಯೇ ಆ ಪದ ಸಿಗುತ್ತದೆ. ಮರದ ತುಂಡಿನ ಅರ್ಥ ಸಿಗುವುದು ಬಹಳ ತಡವಾಗಿ. ಆದ್ದರಿಂದ ಕೆಲವರು ದವಡೆ ಎಂಬರ್ಥದ ಹಳೆಯ ಶಬ್ದವನ್ನು, ಅಂದರೆ ‘ಬಾಯಿಮಟ’ ತುಂಬಿದ್ದೆಂಬ ಭಾವವನ್ನು, ಮುಂದಿಡುತ್ತಾರೆ. ನಿರ್ಣಯ ಇನ್ನೂ ಆಗಿಲ್ಲ. ಕಾಲ ನೋಡದೆ ಮೂಲ ಹೇಳಬಾರದೆಂಬ ಪಾಠವಂತೂ ಆಗಿದೆ.

ತುಡುಂಬದ ಮಾತು ಬೇರೆ. ಹಳಗನ್ನಡದ ತುಳುಂಬು, ಇಂದಿನ ತುಳುಕು, ತಮಿಳು-ಮಲಯಾಳಗಳ ತುಳುಂಬು ಇವೆಲ್ಲ ನೀರು ಅಂಚು ಮೀರುವುದನ್ನೇ ಹೇಳುತ್ತವೆ. ಮರಾಠಿ ರೂಪಕ್ಕೂ ದ್ರಾವಿಡ ನಂಟು ಇರಬಹುದೆಂದು ಊಹಿಸಲು ಇಲ್ಲಿ ಆಧಾರವಿದೆ. ಹಾಗೆಂದು ಮರಾಠಿಗರ ಬಾಯಿಂದ ಪದ ಕಸಿದುಕೊಳ್ಳಬೇಕಿಲ್ಲ.

1956ರ ನವೆಂಬರ್ 1ರಂದು ಉದಗೀರ, ನಿಲಂಗಾ ಬೀದರ ಜಿಲ್ಲೆಯಿಂದ ಬೇರೆಯಾಗಿ ಮುಂಬಯಿ ರಾಜ್ಯಕ್ಕೆ ಸೇರಿದವು. 1982ರಲ್ಲಿ ಲಾತೂರ ಜಿಲ್ಲೆಗೆ ಬಂದವು. ಜಿಲ್ಲೆ ಬದಲಾದಂಗ ಮಂದಿ ಬಾಯಿ ಬದಲಾಗೂದಿಲ್ಲ. ಪ್ರತಿ ಪದಕ್ಕೂ ‘ಮರಾಠಿ’ ಅಂತ ಚೀಟಿ ಹಚ್ಚಿದರ, ಆಡುವವನ ಕನ್ನಡವೇ ಕೆಟ್ಟದ್ದು ಅಂದಂಗ ಆಗ್ತದ. ಆ ಮಾತು ಕೇಳಿ ಕೇಳಿ ಮಕ್ಕಳು ಮನೆಯೊಳಗೂ ಸುಮ್ಮನಾಗುತ್ತಾರೆ.

ವಿದ್ವಾಂಸರಲ್ಲಿ ನನ್ನ ವಿನಂತಿ ಇಷ್ಟೇ: ಮೂಲಕ್ಕಿಂತ ಮೊದಲು ಪ್ರಯೋಗ ಬರೆದುಕೊಳ್ಳಿರಿ. ಭಾಂವಿ ‘ಗಚ್ಚ ತುಂಬ್ಯಾದ’ ಎಂದು ನಮ್ಮೂರ ಮುದುಕಿ ಅನ್ನೂದಿಲ್ಲ. ಒತ್ತಿ ತುಂಬಿದ್ದು ಯಾವುದು, ಉಕ್ಕಿ ತುಂಬಿದ್ದು ಯಾವುದು ಆಕಿಗಿ ಗೊತ್ತದ. ಪದ ಎಲ್ಲಿಂದಲೇ ಬಂದಿರಲಿ, ಈ ವಿವೇಕ ಆಕೆಯ ಕನ್ನಡದ್ದು.