ಸಾಸಿವೆ ಬೇಡಿದ ಬಾಗಿಲುಗಳು: ಸಾಹಿತ್ಯದಲ್ಲಿ ಸಮದುಃಖಿಯ ಸ್ಥಾನ

೧

ಕೋಲ್ಕತ್ತದ ದಕ್ಷಿಣ ಭಾಗದಲ್ಲಿರುವ ಜಾದವ್‌ಪುರವು ವಿದ್ವಾಂಸರಿಗೆ ಪರಿಚಿತವಾದ ಹೆಸರು. ೧೯೫೬ರಲ್ಲಿ ಬುದ್ಧದೇವ ಬಸು ಅವರು ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ತೌಲನಿಕ ಸಾಹಿತ್ಯದ ವಿಭಾಗವನ್ನು ಸ್ಥಾಪಿಸಿದಂದಿನಿಂದ, ಒಂದು ಭಾಷೆಯ ಕೃತಿಯನ್ನು ಮತ್ತೊಂದರ ಬೆಳಕಿನಲ್ಲಿ ಓದುವ ಪದ್ಧತಿಗೆ ಆ ಸ್ಥಳ ಒಂದು ನೆಲೆಯಾಗಿದೆ. ಆದರೆ ಜಾದವ್‌ಪುರಕ್ಕೆ ವಿದ್ಯೆಗಿಂತ ಹಳೆಯದಾದ ಇನ್ನೊಂದು ಸಂಬಂಧವುಂಟು. ಅದು ನೋವಿನ ಸಂಬಂಧ. ದೇಶವಿಭಜನೆಯಾದ ಮೇಲೆ ಪೂರ್ವಬಂಗಾಳದಿಂದ ಮನೆಮಠಗಳನ್ನು ಕಳೆದುಕೊಂಡು ಬಂದವರು ಅದರ ಸುತ್ತಮುತ್ತ ವಿಜಯಗಡವೇ ಮೊದಲಾದ ಕಾಲನಿಗಳನ್ನು ತಮ್ಮ ಕೈಯಾರೆ ಕಟ್ಟಿಕೊಂಡರು. ಅದಕ್ಕೂ ಮೊದಲೇ ಅಲ್ಲಿ ಕ್ಷಯರೋಗಿಗಳ ಆಸ್ಪತ್ರೆಯೊಂದಿತ್ತು. ಬಂಗಾಳಿಯ ತರುಣ ಕವಿ ಸುಕಾಂತ ಭಟ್ಟಾಚಾರ್ಯರು ಇಪ್ಪತ್ತೊಂದು ವರ್ಷ ತುಂಬುವ ಮೊದಲೇ, ೧೯೪೭ರ ಮೇ ತಿಂಗಳಲ್ಲಿ, ಕೊನೆಯುಸಿರೆಳೆದದ್ದು ಆ ಆಸ್ಪತ್ರೆಯಲ್ಲಿ. ಇಂದು ಅದೇ ಆವರಣದಲ್ಲಿ ಒಂದು ವೈದ್ಯಕೀಯ ಕಾಲೇಜು ನಡೆಯುತ್ತಿದೆ.

ಕ್ಷಯಕ್ಕೆ ಸಾಹಿತ್ಯವು ಕೊಟ್ಟ ಮನ್ನಣೆಯನ್ನು ಕ್ಯಾನ್ಸರಿಗೆ ಕೊಡಲಿಲ್ಲ. ಅಮೆರಿಕದ ವಿಮರ್ಶಕಿ ಸೂಸನ್ ಸೊಂಟಾಗ್ ಅವರು ೧೯೭೮ರಲ್ಲಿ ಪ್ರಕಟಿಸಿದ ‘ಇಲ್‌ನೆಸ್ ಆ್ಯಸ್ ಮೆಟಫರ್’ ಎಂಬ ಗ್ರಂಥದಲ್ಲಿ ಈ ಭೇದವನ್ನು ವಿವರವಾಗಿ ತೋರಿಸಿದ್ದಾರೆ. ಕ್ಷಯವು ಸೂಕ್ಷ್ಮಮತಿಗಳ, ಪ್ರೇಮಿಗಳ, ಕವಿಗಳ ರೋಗವೆನಿಸಿತು. ಕ್ಯಾನ್ಸರು ಮುಚ್ಚಿಡಬೇಕಾದ ನಾಚಿಕೆಯಾಯಿತು. ಸೊಂಟಾಗ್ ಅವರಿಗೇ ಸ್ತನದ ಕ್ಯಾನ್ಸರಾಗಿತ್ತು. ಆದರೂ ಆ ಗ್ರಂಥದಲ್ಲಿ ಅವರು ತಮ್ಮ ಕಾಯಿಲೆಯ ಮಾತನ್ನು ಎತ್ತುವುದಿಲ್ಲ. ಗ್ರಂಥದ ತರ್ಕಕ್ಕೆ ಅದರಿಂದ ಬಲ ಬಂದಿದೆ, ನಿಜ. ಆದರೆ ಅದೇ ಚಿಕಿತ್ಸೆಯಲ್ಲಿರುವ ಇನ್ನೊಬ್ಬ ಹೆಣ್ಣು ಅದನ್ನು ಕೈಗೆತ್ತಿಕೊಂಡರೆ ಅವಳಿಗೆ ಅದರಲ್ಲಿ ಒಳ್ಳೆಯ ವಾದವೊಂದು ಸಿಕ್ಕೀತು, ಜೊತೆ ಸಿಗದು.

ಈ ಲೇಖನದ ವಿಷಯ ಆ ‘ಜೊತೆ’. ರೋಗವನ್ನು ಕುರಿತ ಸಾಹಿತ್ಯದಲ್ಲಿ ರೋಗಿ ಇದ್ದಾನೆ, ವೈದ್ಯನಿದ್ದಾನೆ, ಶುಶ್ರೂಷೆ ಮಾಡುವ ತಾಯಿಯೋ ಹೆಂಡತಿಯೋ ಇದ್ದಾಳೆ. ಅದೇ ರೋಗವನ್ನು ಅನುಭವಿಸಿ, ರೋಗಿಯ ಮಗ್ಗುಲಲ್ಲಿ ಬಂದು ಕುಳಿತುಕೊಳ್ಳುವ ಮತ್ತೊಬ್ಬ ವ್ಯಕ್ತಿ ಎಲ್ಲಿ? ಅಂಥವರನ್ನು ಇಲ್ಲಿ ‘ಸಮದುಃಖಿ’ ಎಂದು ಕರೆಯಲಾಗಿದೆ.

೨

ಪ್ರಶ್ನೆ ಬರಿಯ ಶಾಸ್ತ್ರಚರ್ಚೆಯದಲ್ಲವೆಂಬುದಕ್ಕೆ ಎಳೆಯ ಮಕ್ಕಳ ತಾಯಿಯೊಬ್ಬಳ ಸ್ಥಿತಿಯನ್ನು ನೆನೆದರೆ ಸಾಕು. ಭಾರತದ ಹೆಂಗಸರಲ್ಲಿ ಈಗ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಕ್ಯಾನ್ಸರು ಸ್ತನದ್ದೇ. ಅದೂ ಪಾಶ್ಚಾತ್ಯ ದೇಶಗಳಿಗಿಂತ ಸುಮಾರು ಹತ್ತು ವರ್ಷ ಮೊದಲೇ ಕಾಣಿಸಿಕೊಳ್ಳುತ್ತದೆ. ಆದುದರಿಂದ ರೋಗವು ಬಾಗಿಲು ತಟ್ಟುವಾಗ ಮನೆಯಲ್ಲಿ ಶಾಲೆಗೆ ಹೋಗುವ ಮಗುವೋ ಹಾಲು ಕುಡಿಯುವ ಕೂಸೋ ಇರುವುದು ಅಪರೂಪವಲ್ಲ. ಕಿಮೊಥೆರಪಿ ಆರಂಭವಾದರೆ ಮೊಲೆಯೂಡುವುದನ್ನು ನಿಲ್ಲಿಸಬೇಕು. ಶಸ್ತ್ರಚಿಕಿತ್ಸೆಯಾದ ಮೇಲೆ ಕೆಲವು ವಾರ ಭಾರವನ್ನೆತ್ತಬಾರದು. ತಾಯಿಗೆ ಮೊದಲ ಭಾರವೆಂದರೆ ಮಗುವೇ. ಔಷಧ ಸೇರಿದ ಎರಡು ಮೂರು ವಾರಗಳಲ್ಲಿ ತಲೆಗೂದಲು ಉದುರತೊಡಗುತ್ತದೆ. ಕೂದಲು ಉದುರುವುದನ್ನು ವೈದ್ಯರು ಮುಂಚೆಯೇ ತಿಳಿಸುತ್ತಾರೆ. ಬೋಳುತಲೆಯನ್ನು ಕಂಡ ಮಗುವಿಗೆ ಏನು ಹೇಳಬೇಕೆಂಬುದನ್ನು ತಿಳಿಸುವವರು ಯಾರು? ಎತ್ತಿಕೋ ಎಂದು ಕೈಚಾಚಿದ ಮಗುವನ್ನು ಎತ್ತದೆ ಹೇಗೆ ಸಮಾಧಾನಪಡಿಸಬೇಕು? ಇಂಥ ತಿಳಿವಳಿಕೆ ಆ ದಾರಿಯಲ್ಲಿ ಹೋಗಿ ಬಂದವಳ ಬಳಿ ಮಾತ್ರ ಇರುತ್ತದೆ.

ನಮ್ಮ ಕಾವ್ಯಮೀಮಾಂಸೆ ದುಃಖದ ಹಂಚಿಕೆಯನ್ನು ಆಳವಾಗಿ ವಿಚಾರಿಸಿದೆ. ಶೋಕವು ಕರುಣರಸವಾಗಬೇಕಾದರೆ ಅದು ಸಾಧಾರಣೀಕೃತವಾಗಬೇಕು. ‘ಇದು ನನ್ನದು’, ‘ಇದು ಅವನದು’ ಎಂಬ ಭಾವನೆ ಪ್ರೇಕ್ಷಕನಲ್ಲಿ ಉಳಿದರೆ ಅದು ರಸಕ್ಕೆ ವಿಘ್ನವೆಂದು ಅಭಿನವಗುಪ್ತನು ಹೇಳಿದ್ದಾನೆ. ಸಹೃದಯನು ಅಳಬಲ್ಲ, ಆ ಅಳುವಿನಲ್ಲಿ ಆಸ್ವಾದವೂ ಇರಬಲ್ಲದು, ಏಕೆಂದರೆ ಆ ದುಃಖ ಅವನದಲ್ಲ. ಸಮದುಃಖಿಗೆ ಈ ದೂರವಿಲ್ಲ. ಅವಳು ಕೇಳುತ್ತಿರುವ ಕಥೆ ಇನ್ನೊಬ್ಬಳದೂ ಹೌದು, ತನ್ನದೂ ಹೌದು. ಶಾಸ್ತ್ರವು ವಿಘ್ನವೆಂದು ಹೊರಗಿಟ್ಟದ್ದೇ ಇಲ್ಲಿ ಬಂಧವಾಗುತ್ತದೆ. ಇದು ಶಾಸ್ತ್ರದ ದೋಷವಲ್ಲ; ಅದು ನಾಟ್ಯಮಂದಿರವನ್ನು ಕುರಿತು ಮಾತನಾಡಿತು, ಆಸ್ಪತ್ರೆಯ ಜಗಲಿಯನ್ನು ಕುರಿತಲ್ಲ. ಆದರೆ ಸಹೃದಯನೆಂಬ ಒಂದೇ ಅಳತೆಗೋಲಿನಿಂದ ರೋಗಸಾಹಿತ್ಯವನ್ನು ಅಳೆಯಹೊರಟರೆ ಅರ್ಧ ಕಾಣದೆ ಹೋಗುತ್ತದೆ.

೩

ಸಮದುಃಖಿಯ ಕಥೆ ನಮಗೆ ಹೊಸದೇನೂ ಅಲ್ಲ. ಕಿಸಾಗೋತಮಿಯ ಕಥೆಯನ್ನು ಕೇಳದ ಕನ್ನಡಿಗರು ವಿರಳ. ಶ್ರಾವಸ್ತಿಯ ಬಡ ಹೆಣ್ಣು. ಗಂಡುಮಗುವನ್ನು ಹೆತ್ತ ಮೇಲೆಯೇ ಗಂಡನ ಮನೆಯಲ್ಲಿ ಅವಳಿಗೆ ಮರ್ಯಾದೆ ದೊರೆತದ್ದು. ಆ ಮಗು ನಡೆದಾಡುವ ವಯಸ್ಸಿನಲ್ಲಿ ಸತ್ತುಹೋಗಲು, ಶವವನ್ನು ಹೊತ್ತು ಔಷಧಕ್ಕಾಗಿ ಅಲೆಯುತ್ತಾಳೆ. ಯಾರೂ ಸಾಯದ ಮನೆಯಿಂದ ಸಾಸಿವೆ ತರಬೇಕೆಂದು ಬುದ್ಧನು ಹೇಳುತ್ತಾನೆ. ಸಾಸಿವೆ ಎಲ್ಲ ಮನೆಯಲ್ಲಿಯೂ ಇದೆ; ಸಾವು ಕಾಣದ ಮನೆ ಇಲ್ಲ.

ಈ ಕಥೆಗೆ ಸಾಮಾನ್ಯವಾಗಿ ಹೇಳುವ ತಾತ್ಪರ್ಯ ಮೃತ್ಯುವಿನ ಸಾರ್ವತ್ರಿಕತೆ. ತಾತ್ಪರ್ಯ ಅಷ್ಟೇ ಆಗಿದ್ದರೆ ಬುದ್ಧನು ಅದನ್ನು ಒಂದು ವಾಕ್ಯದಲ್ಲಿ ಹೇಳಿ ಮುಗಿಸಬಹುದಾಗಿತ್ತು. ಹಾಗೆ ಮಾಡದೆ ಅವಳನ್ನು ಮನೆಮನೆಗೆ ಕಳುಹಿಸಿದ್ದೇಕೆ? ಪ್ರತಿಯೊಂದು ಹೊಸ್ತಿಲಿನಲ್ಲಿಯೂ ಅವಳು ಒಂದು ಮಾತು ಕೇಳಬೇಕಾಯಿತು. ಪ್ರತಿಯೊಂದು ಮನೆಯವರೂ ತಮ್ಮ ಸತ್ತವರನ್ನು ನೆನೆಯಬೇಕಾಯಿತು. ಗುರುವಿನ ಉಪದೇಶಕ್ಕೆ ಮುನ್ನವೇ ಅವಳ ಹುಚ್ಚು ಇಳಿದಿತ್ತು. ಇಳಿಸಿದವರು ಆ ಬಾಗಿಲುಗಳಲ್ಲಿ ನಿಂತಿದ್ದವರು.

ಈ ಓದಿಗೆ ಪಾಳಿ ಗ್ರಂಥಗಳಲ್ಲಿಯೇ ಆಧಾರವಿದೆ. ಸಾಸಿವೆಯ ಪ್ರಸಂಗ ಬರುವುದು ಅಟ್ಠಕಥೆಗಳಲ್ಲಿ. ‘ಥೇರೀಗಾಥಾ’ದಲ್ಲಿ ಕಿಸಾಗೋತಮಿಯ ಹೆಸರಿನಲ್ಲಿರುವ ಪದ್ಯಗಳಲ್ಲಿ ಸಾಸಿವೆಯ ಮಾತಿಲ್ಲ; ಅವು ಕಲ್ಯಾಣಮಿತ್ರತೆಯ, ಎಂದರೆ ಒಳ್ಳೆಯ ಸಖ್ಯದ, ಪ್ರಶಂಸೆಯಿಂದ ಆರಂಭವಾಗುತ್ತವೆ. ಅಲ್ಲಿಂದ ಮುಂದೆ ಹೆಣ್ಣುಜನ್ಮದ ಕಷ್ಟಗಳ, ಹೆರಿಗೆಯ ಸಂಕಟದ ಮಾತು ಬರುತ್ತದೆ. ಗಂಡನನ್ನೂ ಮಕ್ಕಳನ್ನೂ ತವರಿನವರನ್ನೂ ಕಳೆದುಕೊಂಡ ಪಟಾಚಾರೆಯ ಕಥೆಯ ಅಂಶಗಳೂ ಅದರಲ್ಲಿ ಕಲೆತಿವೆ. ಪಾಠಶೋಧಕರಿಗೆ ಇದೊಂದು ತೊಡಕು. ಆದರೆ ಒಬ್ಬಳ ಬಾಯಲ್ಲಿ ಇನ್ನೊಬ್ಬಳ ದುಃಖ ಬಂದು ಸೇರುವುದು ಸಮದುಃಖಿಗಳ ನಡುವೆ ಸಹಜವಾದ ಸಂಗತಿಯೇ ಅಲ್ಲವೆ?

ಬೆಂಗಳೂರಿನ ಲೇಖಕಿ ಬಿ.ವಿ. ಭಾರತಿಯವರು ತಮ್ಮ ಸ್ತನದ ಕ್ಯಾನ್ಸರಿನ ಅನುಭವವನ್ನು ಕನ್ನಡದಲ್ಲಿ ಬರೆದು ಪ್ರಕಟಿಸಿದಾಗ ಅದಕ್ಕೆ ‘ಸಾಸಿವೆ ತಂದವಳು’ ಎಂದು ಹೆಸರಿಟ್ಟರು. ಈ ಹೆಸರೊಂದನ್ನೇ ವಿಚಾರಿಸಿದರೂ ಲಾಭವಿದೆ. ಗೋತಮಿ ಸಾಸಿವೆಯನ್ನು ತರಲಾರದೆ ಬರಿಗೈಯಲ್ಲಿ ಮರಳಿದವಳು; ಈಕೆ ತಂದವಳು. ಸಾವಿನ ಮನೆಯ ಬಾಗಿಲಿಗೆ ಹೋಗಿ ಮರಳಿದವಳೆಂಬ ಅರ್ಥ ಮೊದಲು ಹೊಳೆಯುತ್ತದೆ. ಇನ್ನೊಂದು ಅರ್ಥವೂ ಇದೆ. ತಂದದ್ದು ಯಾರಿಗಾಗಿ? ಅನುಭವವು ಗ್ರಂಥವಾದೊಡನೆ ಬರೆದವಳು ಸಾಸಿವೆ ಬೇಡುವ ಸ್ಥಾನವನ್ನು ಬಿಟ್ಟು ಬಾಗಿಲಲ್ಲಿ ನಿಂತು ಉತ್ತರ ಕೊಡುವ ಸ್ಥಾನಕ್ಕೆ ಬರುತ್ತಾಳೆ. ಮುಂದೆ ಬರುವ ಇನ್ನೊಬ್ಬ ಹೆಣ್ಣಿಗೆ ಆ ಗ್ರಂಥ ತಟ್ಟಬಹುದಾದ ಒಂದು ಬಾಗಿಲು. ‘ಆತ್ಮಕಥನ’ ಎಂಬ ಹಣೆಪಟ್ಟಿಯ ಕೆಳಗೆ ಇಂಥ ಕೃತಿಗಳನ್ನು ಇಟ್ಟು ಸುಮ್ಮನಾಗುವ ವಿಮರ್ಶೆ ಈ ಕಾರ್ಯವನ್ನು ಗಮನಿಸುವುದಿಲ್ಲ.

೪

ಬಾಗಿಲುಗಳೇ ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ತ್ರಿವೇಣಿಯವರ ‘ಶರಪಂಜರ’ ಸಾಕ್ಷಿ. ಅಲ್ಲಿಯ ರೋಗ ಬೇರೆ. ಆದರೆ ರೋಗಿ ಎಳೆಯ ಮಕ್ಕಳ ತಾಯಿ. ಬಾಣಂತನದ ಹೊತ್ತಿನಲ್ಲಿ ಮನಸ್ಸು ಕದಡಿದ ಕಾವೇರಿ ಆಸ್ಪತ್ರೆಯಲ್ಲಿ ಗುಣ ಹೊಂದಿ ಮನೆಗೆ ಬರುತ್ತಾಳೆ. ವೈದ್ಯರು ತಮ್ಮ ಕರ್ತವ್ಯವನ್ನು ಮಾಡಿದ್ದಾರೆ. ಮನೆಯವರೂ ನೆರೆಹೊರೆಯವರೂ ಮಾತ್ರ ಅವಳನ್ನು ಹುಚ್ಚಿಯೆಂದೇ ಕಾಣುತ್ತಾರೆ. ಗಂಡನ ವಿಶ್ವಾಸವೂ ದೊರೆಯದೆ ಅವಳು ಮತ್ತೆ ಕುಸಿಯುತ್ತಾಳೆ. ೧೯೭೧ರಲ್ಲಿ ಪುಟ್ಟಣ್ಣ ಕಣಗಾಲರು ಚಲನಚಿತ್ರ ಮಾಡಿದ ಮೇಲಂತೂ ಈ ಕಥೆ ಕನ್ನಡ ನಾಡಿನ ಮನೆಮಾತಾಯಿತು. ಕಾವೇರಿಯ ದುರಂತಕ್ಕೆ ಗಂಡನನ್ನೂ ಸಮಾಜವನ್ನೂ ಹೊಣೆ ಮಾಡಿ ಎಷ್ಟೋ ಚರ್ಚೆ ನಡೆದಿದೆ. ಆದರೆ ಮನೆಗೆ ಮರಳಿದ ಕಾವೇರಿಯ ಬಳಿಗೆ ಬಂದು, ‘ನಾನೂ ಹೀಗೆಯೇ ಇದ್ದೆ, ಈಗ ನೋಡು’ ಎನ್ನುವ ಒಬ್ಬ ಹೆಂಗಸು ಆ ಲೋಕದಲ್ಲಿ ಇಲ್ಲ. ಇದು ಕಾದಂಬರಿಯ ಕೊರತೆಯಲ್ಲ. ಅದು ಕಂಡ ಸತ್ಯ. ೧೯೬೩ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡ ತ್ರಿವೇಣಿಯವರು ಆ ಬರಿದಾದ ಸ್ಥಳವನ್ನು ನಮಗಾಗಿ ಗುರುತಿಸಿಟ್ಟು ಹೋದರು.

ಹಾಗೆಂದು ಸಮದುಃಖಿಯನ್ನು ದೇವತೆಯಾಗಿ ಮಾಡುವುದೂ ಸಲ್ಲದು. ಅಮೆರಿಕದಲ್ಲಿ ಟೆರೀಸ್ ಲ್ಯಾಸರ್ ಎಂಬಾಕೆ ೧೯೫೨ರಲ್ಲಿ ಸ್ತನದ ಶಸ್ತ್ರಚಿಕಿತ್ಸೆಗೆ ಒಳಗಾದ ತರುವಾಯ, ಅಂಥ ಚಿಕಿತ್ಸೆಯಾದ ಹೆಂಗಸರನ್ನು ಆಸ್ಪತ್ರೆಯಲ್ಲಿ ಕಂಡು ಧೈರ್ಯ ಹೇಳುವ ‘ರೀಚ್ ಟು ರಿಕವರಿ’ ಎಂಬ ಸೇವೆಯನ್ನು ಆರಂಭಿಸಿದಳು. ೧೯೬೯ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಅದನ್ನು ವಹಿಸಿಕೊಂಡಿತು. ೧೯೭೮ರಲ್ಲಿ ಅದೇ ಸೇವೆಯ ಹೆಂಗಸೊಬ್ಬಳು ಕವಯಿತ್ರಿ ಔಡ್ರೆ ಲಾರ್ಡ್ ಅವರನ್ನು ನೋಡಲು ಬಂದಳು. ಲಾರ್ಡ್ ಇಬ್ಬರು ಮಕ್ಕಳ ತಾಯಿ, ಕಪ್ಪು ವರ್ಣೀಯೆ. ಬಂದವಳು ತಂದಿದ್ದ ಕೃತಕ ಸ್ತನದ ಬಣ್ಣ ಬಿಳಿಯರ ಮೈಬಣ್ಣ. ಸದ್ಭಾವನೆಯಲ್ಲಿ ಕೊರತೆಯಿರಲಿಲ್ಲ, ಆದರೆ ಬಂದ ಸಂದೇಶ ‘ಮುಚ್ಚಿಕೋ, ಯಾರಿಗೂ ತಿಳಿಯದು’ ಎಂಬುದಾಗಿತ್ತು. ೧೯೮೦ರಲ್ಲಿ ಪ್ರಕಟವಾದ ‘ದಿ ಕ್ಯಾನ್ಸರ್ ಜರ್ನಲ್ಸ್’ ಗ್ರಂಥದಲ್ಲಿ ಲಾರ್ಡ್ ಇದನ್ನು ಪ್ರಶ್ನಿಸಿದರು. ಎಲ್ಲರೂ ಮುಚ್ಚಿಕೊಂಡರೆ, ಇಂಥ ಹೆಂಗಸರು ಒಬ್ಬರನ್ನೊಬ್ಬರು ಗುರುತಿಸುವುದು ಹೇಗೆಂಬುದು ಅವರ ವಾದದ ತಿರುಳು. ಸೊಂಟಾಗ್ ಅವರ ಗ್ರಂಥದಲ್ಲಿ ಇಲ್ಲದ ಜೊತೆ ಇಲ್ಲಿದೆ. ರೋಗ ಒಂದಾದ ಮಾತ್ರಕ್ಕೆ ದುಃಖ ಸಮವಾಗುವುದಿಲ್ಲವೆಂಬ ಎಚ್ಚರವೂ ಇಲ್ಲಿದೆ.

ಇನ್ನೊಂದು ಎಚ್ಚರವನ್ನು ವೈದ್ಯಶಾಸ್ತ್ರ ಕೊಟ್ಟಿದೆ. ಹರಡಿದ ಸ್ತನ ಕ್ಯಾನ್ಸರಿನ ೮೬ ಹೆಂಗಸರನ್ನು ಕುರಿತು ಡೇವಿಡ್ ಸ್ಪೀಗಲ್ ಮತ್ತು ಸಂಗಡಿಗರು ೧೯೮೯ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ವಾರವಾರವೂ ಒಟ್ಟಿಗೆ ಕುಳಿತು ಮಾತನಾಡಿದವರು ಉಳಿದವರಿಗಿಂತ ಹೆಚ್ಚು ಕಾಲ ಬದುಕಿದರೆಂದು ಕಂಡಿತ್ತು. ಲೋಕವೇ ಹಿಗ್ಗಿತು. ೨೦೦೧ರಲ್ಲಿ ಪಮೆಲಾ ಗುಡ್‌ವಿನ್ ಮತ್ತು ಸಂಗಡಿಗರು ೨೩೫ ಹೆಂಗಸರಲ್ಲಿ ಮತ್ತೆ ಪರೀಕ್ಷಿಸಿದಾಗ ಆಯುಸ್ಸು ಹೆಚ್ಚಲಿಲ್ಲ. ಮನಸ್ಸಿನ ಕ್ಲೇಶವೂ ನೋವಿನ ಅನುಭವವೂ ತಗ್ಗಿದವು. ಗೋತಮಿಯ ಕಥೆ ಇದನ್ನು ಮೊದಲೇ ಹೇಳಿತ್ತೆಂದರೆ ಅತಿಶಯೋಕ್ತಿಯಾಗದು. ಅವಳು ಔಷಧಕ್ಕೆಂದು ಹೊರಟಳು. ಮಗು ಎದ್ದು ಬರಲಿಲ್ಲ. ಸಮದುಃಖಿ ವೈದ್ಯನಲ್ಲ, ವೈದ್ಯನ ಸ್ಥಾನವನ್ನು ಹಿಡಿಯಹೊರಟರೆ ಕೇಡೇ ಹೆಚ್ಚು. ಹೊರೆಯನ್ನು ಹಗುರಮಾಡುವುದು ಅವಳ ಕೆಲಸ. ಅದು ಚಿಕ್ಕ ಕೆಲಸವಲ್ಲ.

೫

ಕೋಲ್ಕತ್ತದ ಚಿತ್ತರಂಜನ ಕ್ಯಾನ್ಸರ್ ಆಸ್ಪತ್ರೆಯನ್ನು ೧೯೫೦ರ ಜನವರಿಯಲ್ಲಿ ಐರೀನ್ ಜೋಲಿಯೋ-ಕ್ಯೂರಿ ಅವರು ಉದ್ಘಾಟಿಸಿದರು. ಸ್ತನ ಕ್ಯಾನ್ಸರನ್ನು ಅನುಭವಿಸಿದ ಹೆಂಗಸರೇ ಸೇರಿ ಇತರರ ನೆರವಿಗೆ ನಿಲ್ಲುವ ‘ಹಿತೈಷಿಣಿ’ ಎಂಬ ಸಂಸ್ಥೆ ಅದೇ ನಗರದಲ್ಲಿ ಹುಟ್ಟಿದ್ದು ೧೯೯೫ರಲ್ಲಿ. ಯಂತ್ರ ಬಂದ ನಲವತ್ತೈದು ವರ್ಷಗಳ ಮೇಲೆ ಸಖಿ ಬಂದಳು.

ಆ ಹೆಸರನ್ನು ಕೇಳಿದ ಕನ್ನಡಿಗನಿಗೆ ನಂಜನಗೂಡು ತಿರುಮಲಾಂಬ ಅವರ ನೆನಪಾಗದಿರದು. ಬಾಲವಿಧವೆಯಾದ ಅವರು ೧೯೧೩ರ ಸುಮಾರಿಗೆ ಆರಂಭಿಸಿದ ಗ್ರಂಥಮಾಲೆಗೆ ‘ಸತೀ ಹಿತೈಷಿಣೀ’ ಎಂದು ಹೆಸರಿಟ್ಟಿದ್ದರು. ಹಿತೈಷಿಣಿ ಎಂದರೆ ಹಿತವನ್ನು ಬಯಸುವವಳು. ಮೇಲಿನಿಂದಲೂ ಹಿತ ಬಯಸಬಹುದು, ಹೊರಗಿನಿಂದಲೂ ಬಯಸಬಹುದು. ಮೈಸೂರು ಸೀಮೆಯ ತಿರುಮಲಾಂಬ ಅವರಾಗಲಿ, ಕೋಲ್ಕತ್ತದ ಈ ಹೆಂಗಸರಾಗಲಿ ಹಾಗೆ ದೂರ ನಿಂತು ಬಯಸಿದವರಲ್ಲ. ತಾವು ಪಟ್ಟ ಕಷ್ಟವೇ ಅವರಿಗೆ ಮಾತನಾಡುವ ಅಧಿಕಾರವನ್ನು ಕೊಟ್ಟಿತು.

ಕನ್ನಡದಲ್ಲಿ ಇಂಥ ಅಧಿಕಾರಕ್ಕೆ ಇನ್ನೂ ಆಪ್ತವಾದ ಒಂದು ಶಬ್ದವಿದೆ, ಅದು ‘ಅಕ್ಕ’. ಮಹಾದೇವಿಯನ್ನು ವಯಸ್ಸಿನಲ್ಲಿ ತಮಗಿಂತ ಕಿರಿಯಳಾದರೂ ಹಿರಿಯ ಶರಣರು ಅಕ್ಕನೆಂದು ಕರೆದರೆಂದು ಪರಂಪರೆ ಹೇಳುತ್ತದೆ. ಅಲ್ಲಿ ಲೆಕ್ಕಕ್ಕೆ ಬಂದದ್ದು ವಯಸ್ಸಲ್ಲ, ಅನುಭಾವ. ಚಿಕಿತ್ಸೆಯಲ್ಲಿಯೂ ಹಾಗೆಯೇ: ಎರಡು ಸುತ್ತು ಮುಂದೆ ಹೋದವಳು, ಮೂವತ್ತರವಳಾದರೂ, ಐವತ್ತರವಳಿಗೆ ಅಕ್ಕನಾಗುತ್ತಾಳೆ.

ನಾಡಿನಿಂದ ದೂರ ಬಂದು ನೆಲಸಿದ ಕನ್ನಡಿಗರಿಗೆ ಈ ಮಾತಿನಲ್ಲಿ ವಿಶೇಷವಾದ ಅರ್ಥವಿದೆ. ಜಾದವ್‌ಪುರದ ಬಾಡಿಗೆಮನೆಯಲ್ಲಿರುವ ಕನ್ನಡದ ಗೃಹಿಣಿ ವೈದ್ಯರೊಡನೆ ಬಂಗಾಳಿಯಲ್ಲೋ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ವ್ಯವಹರಿಸಿಯಾಳು. ತನ್ನ ಮೈಯ ಮಾತನ್ನು ಅವಳು ಯಾವ ಭಾಷೆಯಲ್ಲಿ ಆಡಬೇಕು? ‘ಮೊಲೆ’ ಎನ್ನಲು ಸಂಕೋಚ. ‘ಸ್ತನ’ ವರದಿಯ ಭಾಷೆ. ಉಳಿಯುವುದು ‘ಎದೆ’. ಎದೆಹಾಲು, ಎದೆಗಾರಿಕೆ, ಎದೆಗೆ ಅವಚಿಕೊಳ್ಳುವುದು, ಎದೆ ಒಡೆಯುವುದು: ಅಂಗವನ್ನೂ ಧೈರ್ಯವನ್ನೂ ವಾತ್ಸಲ್ಯವನ್ನೂ ಒಂದೇ ಶಬ್ದ ಹೊತ್ತಿದೆ. ‘ಎದೆಯಲ್ಲಿ ಗಂಟಿದೆ’ ಎಂದು ಒಬ್ಬ ತಾಯಿ ಹೇಳಿದಾಗ ಇವೆಲ್ಲವೂ ಒಟ್ಟಿಗೆ ನಡುಗುತ್ತವೆ. ಅದನ್ನು ಅದೇ ಭಾಷೆಯಲ್ಲಿ ಕೇಳಿಸಿಕೊಳ್ಳುವ ಅಕ್ಕನೊಬ್ಬಳು ಆ ಊರಿನಲ್ಲಿ ದೊರೆತರೆ ಭಾಗ್ಯ. ದೊರೆಯದಿದ್ದರೆ ಅಂಥವಳು ಬರೆದ ಗ್ರಂಥವಾದರೂ ಕೈಗೆ ಸಿಗಬೇಕು.

ಆದುದರಿಂದ ಇಂಥ ಗ್ರಂಥಗಳನ್ನು ಶೈಲಿಯ ತೂಕದಿಂದ ಮಾತ್ರ ತೂಗದೆ, ಅವು ಯಾರ ಬಾಗಿಲಾಗಬಲ್ಲವೆಂದು ಕೇಳುವುದೂ ವಿಮರ್ಶೆಯ ಕರ್ತವ್ಯವಾಗಬೇಕು. ಪ್ರವಾಸಿ ಕನ್ನಡಿಗರ ಸಂಘಗಳ ಪುಸ್ತಕಭಂಡಾರಗಳಲ್ಲಿ ಮಹಾಕಾವ್ಯಗಳಿಗೆ ಇರುವ ಸ್ಥಳ ಇವಕ್ಕೂ ಇರಲಿ. ಮನೆಮಠ ಕಳೆದುಕೊಂಡವರು ಒಬ್ಬರನ್ನೊಬ್ಬರು ನೋಡಿ ವಿಜಯಗಡವನ್ನು ಕಟ್ಟಿದರು. ಗೋತಮಿ ತಟ್ಟಿದ ಮನೆಗಳವರು ಅವಳಿಗೆ ಕೊಟ್ಟದ್ದು ಒಂದು ಮಾತು ಮಾತ್ರ. ಆ ಮಾತನ್ನು ಆಡುವುದಕ್ಕೆ ಅವರು ಬಾಗಿಲು ತೆರೆದಿದ್ದರು.