ಮನ್ನಣೆಯ ತತ್ತ್ವ ಮತ್ತು ಮಗುವಿನ ಶಾಲೆ

ಮನುಷ್ಯನು ತಾನಾರೆಂಬುದನ್ನು ಏಕಾಂತದಲ್ಲಿ ಅರಿಯಲಾರನು. ತಂದೆತಾಯಿಗಳೊಡನೆ, ನೆರೆಹೊರೆಯೊಡನೆ, ತನ್ನ ನುಡಿಯ ಜನರೊಡನೆ ನಡೆಯುವ ಸಂವಾದದಲ್ಲಿಯೇ ಅವನ ವ್ಯಕ್ತಿತ್ವ ರೂಪುಗೊಳ್ಳುತ್ತದೆ. ಕೆನಡಾದ ತತ್ತ್ವಜ್ಞ ಚಾರ್ಲ್ಸ್ ಟೇಲರ್ ಅವರು 1992ರಲ್ಲಿ ಪ್ರಕಟಿಸಿದ, ಮನ್ನಣೆಯ ರಾಜಕಾರಣವನ್ನು ಕುರಿತ ಪ್ರಬಂಧದ ತಿರುಳು ಇದು. ಸಮುದಾಯವು ಅವಗಣನೆಗೆ ಒಳಗಾದರೆ ಅದರಲ್ಲಿ ಹುಟ್ಟಿದವನ ಆತ್ಮಗೌರವಕ್ಕೂ ಪೆಟ್ಟು ಬೀಳುವುದೆಂಬ ಮಾತು ಒಪ್ಪತಕ್ಕದ್ದೇ.

ಈ ತತ್ತ್ವವನ್ನು ಕ್ವಿಬೆಕ್ ಪ್ರಾಂತದ ಭಾಷಾನೀತಿಗೆ ಅನ್ವಯಿಸುವಲ್ಲಿ ಮಾತ್ರ ವಾದ ತೊಡಕಿಗೆ ಸಿಲುಕುತ್ತದೆ. ಅಲ್ಲಿನ 1977ರ ಶಾಸನವು ಫ್ರೆಂಚ್ ಭಾಷಿಕರ ಹಾಗೂ ವಲಸೆ ಬಂದವರ ಮಕ್ಕಳಿಗೆ ಸರ್ಕಾರಿ ಮತ್ತು ಅನುದಾನಿತ ಇಂಗ್ಲಿಷ್ ಶಾಲೆಗಳ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿತು. ಮೂಲಭೂತ ಸ್ವಾತಂತ್ರ್ಯಗಳಿಗೆ ಚ್ಯುತಿಯಿಲ್ಲದಿದ್ದರೆ, ಮುಂದಿನ ಪೀಳಿಗೆಗಳೂ ಫ್ರೆಂಚ್ ಭಾಷಿಕರಾಗಿ ಉಳಿಯಬೇಕೆಂಬ ಗುರಿ ನ್ಯಾಯವಾದದ್ದೆಂದು ಟೇಲರ್ ಅವರ ಮತ. ಸಂಸ್ಕೃತಿಗಳನ್ನು ಅಳಿವಿನಂಚಿನ ಜೀವಜಾತಿಗಳಂತೆ ಕಾಪಿಡಲಾಗದೆಂದು ಜರ್ಮನಿಯ ಹೇಬರ್‌ಮಾಸ್ ಆಕ್ಷೇಪಿಸಿದ್ದು ಇದನ್ನೇ.

ವಿಲ್ ಕಿಮ್ಲಿಕಾ ಅವರು 1995ರ ಗ್ರಂಥದಲ್ಲಿ ಹೊರಗಿನವರಿಂದ ರಕ್ಷಣೆ, ಒಳಗಿನವರ ಮೇಲೆ ನಿರ್ಬಂಧ ಎಂದು ಎರಡನ್ನು ವಿಂಗಡಿಸಿ ಮೊದಲನೆಯದನ್ನು ಸಮರ್ಥಿಸಿದರು. ವಿಂಗಡಣೆ ಉಪಯುಕ್ತವೇ ಸರಿ. ಶಾಲೆಯ ಪ್ರಶ್ನೆ ಬಂದಾಗ ಅದು ನಿಲ್ಲುವುದಿಲ್ಲ. ಇಂಗ್ಲಿಷಿನ ಪ್ರಾಬಲ್ಯವನ್ನು ತಡೆಯುವ ನಿಯಮವೇ ಫ್ರೆಂಚ್ ಮನೆಯ ಮಗುವಿನ ಆಯ್ಕೆಯನ್ನೂ ಕಟ್ಟಿಹಾಕುತ್ತದೆ. ಇಂಗ್ಲಿಷ್ ತಂದೆ, ಫ್ರೆಂಚ್ ತಾಯಿಯ ಮನೆಯಲ್ಲಿ ಬೆಳೆದ ಟೇಲರ್ ಅವರಿಗೆ ಇದು ಹೊಳೆಯದಿರಲಿಕ್ಕಿಲ್ಲ. ಆದರೂ ಸಂವಾದವನ್ನೇ ಮೂಲವೆಂದು ಸಾರುವ ಆ ಪ್ರಬಂಧದಲ್ಲಿ ಭವಿಷ್ಯದ ಮಗು ಭಾಷೆಯ ವಾರಸುದಾರನಾಗಿ ಮಾತ್ರ ಕಾಣಿಸಿಕೊಳ್ಳುತ್ತದೆ. ಅದು ಮರುನುಡಿಯಲು ಎಡೆಯಿಲ್ಲ.