ಹಳೆಯ ದೆವ್ವದ ಸಿನಿಮಾ ನೋಡುವ ಬಗೆ

ಹಳೆಯ ದೆವ್ವದ ಸಿನಿಮಾ ಹಾಕಿ ಹತ್ತು ನಿಮಿಷವಾಗುವಷ್ಟರಲ್ಲಿ ಇವತ್ತಿನ ಹುಡುಗರು ನಗಲು ಶುರು ಮಾಡುತ್ತಾರೆ. ಬಿಳಿ ಸೀರೆ, ಬಿಚ್ಚಿದ ಕೂದಲು, ಹಾಳುಬಾವಿಯಿಂದ ಏಳುವ ಹೊಗೆ, ಗೂಬೆಯ ಕೂಗು. ನಗು ಬಂದರೆ ನಕ್ಕುಬಿಡಿ, ಅದರಲ್ಲೇನೂ ತಪ್ಪಿಲ್ಲ. ನಕ್ಕು ಆರಿಸಿಬಿಟ್ಟರೆ ಮಾತ್ರ ನಷ್ಟ. ದೆವ್ವದ ಕಥೆ ಬರೆಯುವುದೇ ನನ್ನ ಕಸುಬು. ಆ ಕಸುಬಿನ ಅರ್ಧ ಪಾಠ ಪುಸ್ತಕಗಳಿಂದ ಬಂದಿದ್ದರೆ ಉಳಿದರ್ಧ ಬಂದದ್ದು ಪಾಲಹಳ್ಳಿಯ ನಮ್ಮ ಮನೆಯ ಬೀರುವಿನಲ್ಲಿ ತುಂಬಿಕೊಂಡಿರುವ ಕ್ಯಾಸೆಟ್ಟು, ಸಿ.ಡಿ., ಡಿ.ವಿ.ಡಿ.ಗಳಿಂದ. ಹೊಸದಾಗಿ ಈ ರುಚಿ ಹತ್ತಿಸಿಕೊಳ್ಳಲು ಹೊರಟವರಿಗೆ ನನ್ನ ಬುದ್ಧಿಮಾತು ಒಂದೇ. ದೆವ್ವವನ್ನು ನೋಡಲು ಕೂರಬೇಡಿ, ದೆವ್ವ ಬರುವ ಮುಂಚಿನ ಹೊತ್ತನ್ನು ನೋಡಲು ಕೂರಿ. ಬಣ್ಣ ಬಳಿದ ಮುಖ ಹತ್ತು ವರ್ಷಕ್ಕೇ ಹಳತಾಗುತ್ತದೆ. ಕಾಯಿಸುವ ಕಲೆ ಅಷ್ಟು ಬೇಗ ಹಳತಾಗುವುದಿಲ್ಲ.

ಮೊದಲು ಕೂರುವ ಕ್ರಮ. ಟಾಕೀಸಿನಲ್ಲಿ ಸಿನಿಮಾ ನಮ್ಮ ಮಾತು ಕೇಳುತ್ತಿರಲಿಲ್ಲ. ಹೆದರಿಕೆಯಾದರೆ ಕಣ್ಣು ಮುಚ್ಚಿಕೊಳ್ಳಬಹುದಿತ್ತು, ಕಿವಿ ಮುಚ್ಚಿದರೂ ಸದ್ದು ಒಳಗೆ ನುಗ್ಗುತ್ತಿತ್ತು. ನಿರ್ದೇಶಕ ಲೆಕ್ಕ ಹಾಕಿದ್ದು ಆ ನಿಸ್ಸಹಾಯಕತೆಯನ್ನು ನಂಬಿ. ಮನೆಯಲ್ಲಿ ಲಗಾಮು ನಮ್ಮ ಕೈಯಲ್ಲಿರುತ್ತದೆ. ಭಯ ಹತ್ತಿರ ಬಂತು ಅನ್ನುವಾಗಲೇ ಪಾಸ್ ಒತ್ತಿ ನೀರು ಕುಡಿಯಲು ಏಳುತ್ತೇವೆ, ಫೋನು ನೋಡುತ್ತೇವೆ. ಆದ್ದರಿಂದ ಮೊದಲ ಸಲ ನೋಡುವಾಗ ರಿಮೋಟನ್ನೂ ಫೋನನ್ನೂ ಅಡುಗೆಮನೆಯಲ್ಲಿಟ್ಟು ಬನ್ನಿ. ದೀಪ ಆರಿಸಿ. ನಮ್ಮೂರಲ್ಲಿ ಉಳಿದ ಏರ್ಪಾಡನ್ನು ಊರೇ ಮಾಡಿಕೊಡುತ್ತದೆ. ಕತ್ತಲಾಗುತ್ತಿದ್ದಂತೆ ರಂಗನತಿಟ್ಟಿನ ಬಾವಲಿಗಳು ತಲೆಯ ಮೇಲೆ ಹಾಯುತ್ತವೆ, ಮಳೆಗಾಲವಾದರೆ ನಾಲೆಯ ಕಡೆಯಿಂದ ಕಪ್ಪೆಗಳ ಮೇಳ. ಇಂಗ್ಲಿಷ್ ಸಿನಿಮಾದವರು ಬಾವಲಿಯನ್ನು ರಕ್ತ ಹೀರುವ ಪಿಶಾಚಿ ಮಾಡಿಟ್ಟಿದ್ದಾರೆ, ನಮ್ಮವು ಪಾಪ, ಹಣ್ಣು ತಿಂದುಕೊಂಡು ಬದುಕುವ ಜೀವಗಳು. ಪಕ್ಕದ ಮನೆಯ ಅಜ್ಜಿ ಒಮ್ಮೆ ಕಿಟಕಿಯಲ್ಲಿ ಇಣುಕಿ, "ಅದ್ಯಾಕ್ ಮಗಾ, ಕರೆಂಟ್ ಇದ್ರೂ ಕತ್ಲಲ್ ಕೂತಿದ್ದೀಯೆ?" ಎಂದು ಕೇಳಿದ್ದರು. ಆ ಹೊತ್ತಿಗೆ ಅವರ ದನಿಯೇ ಸಾಕಾಗಿತ್ತು ನನಗೆ.

ಶುರು ಮಾಡುವುದಾದರೆ ದೆವ್ವವೇ ಕಾಣಿಸದ ಸಿನಿಮಾದಿಂದ ಮಾಡಿ. 1963ರ 'ದಿ ಹಾಂಟಿಂಗ್' ಅಂಥದ್ದು. ಶೆರ್ಲಿ ಜಾಕ್ಸನ್ 1959ರಲ್ಲಿ ಬರೆದ ಕಾದಂಬರಿಯನ್ನು ಆಧರಿಸಿ ರಾಬರ್ಟ್ ವೈಸ್ ಮಾಡಿದ ಕಪ್ಪುಬಿಳುಪು ಚಿತ್ರ. ಒಂದು ದೊಡ್ಡ ಮನೆ, ರಾತ್ರಿ, ಒಳಗೆ ಹೆದರಿ ಕೂತ ಜನ, ಹೊರಗಿನಿಂದ ಬಡಿಯುವ ಸದ್ದು. ಆಮೇಲೆ ಮರದ ಬಾಗಿಲು ಹೊರಗಿನಿಂದ ಯಾರೋ ಒತ್ತಿದಂತೆ ಮೆಲ್ಲಗೆ ಒಳಕ್ಕೆ ಉಬ್ಬುತ್ತದೆ, ಮತ್ತೆ ಇಳಿಯುತ್ತದೆ. ಅಷ್ಟೇ. ಬಾಗಿಲಾಚೆ ಏನಿದೆಯೆಂದು ಕೊನೆಯವರೆಗೂ ತೋರಿಸುವುದಿಲ್ಲ. ನೋಡುವವನ ತಲೆ ತಾನೇ ಒಂದು ಆಕಾರ ಕಟ್ಟಿಕೊಳ್ಳುತ್ತದೆ, ಅದಕ್ಕೆ ಮೇಕಪ್ಪಿನ ಖರ್ಚಿಲ್ಲ. ನಮಗೆ ಈ ಬಾಗಿಲು ಹೊಸದೂ ಅಲ್ಲ. ತೊಂಬತ್ತರ ದಶಕದಲ್ಲಿ ಕರ್ನಾಟಕದ ಊರೂರಲ್ಲಿ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ 'ನಾಳೆ ಬಾ' ಎಂದು ಬರೆದದ್ದು ನೆನಪಿರುವವರಿಗೆ, ಹೊರಗೆ ನಿಂತು ಹೆಸರು ಹಿಡಿದು ಕರೆಯುವ ದನಿ ಎಂಥದೆಂದು ಗೊತ್ತು. ಕನ್ನಡ ಓದಲು ಬಂದು, ಓದಿದ್ದಕ್ಕೆ ಬೆಲೆ ಕೊಟ್ಟು ವಾಪಸು ಹೋಗುವ ದೆವ್ವ ಬೇರೆ ಯಾವ ಸೀಮೆಯಲ್ಲಿದೆಯೋ!

ಇಲ್ಲಿಂದ ಕೂಗಳತೆಯೆನ್ನುವಷ್ಟು ಹತ್ತಿರ, ಶ್ರೀರಂಗಪಟ್ಟಣದಲ್ಲಿ ಕಾವೇರಿ ದಡದ ಮೇಲೆ ಸ್ಕಾಟ್ ಬಂಗಲೆ ಇದೆ. ಕರ್ನಲ್ ಸ್ಕಾಟ್ ಎಂಬ ಬ್ರಿಟಿಷ್ ಅಧಿಕಾರಿಯ ಹೆಂಡತಿ ಮಕ್ಕಳು ಕಾಲರಾ ಬಡಿದು ತೀರಿಕೊಂಡರಂತೆ, ಅವನು ಆ ದುಃಖದಲ್ಲಿ ಎದ್ದು ಹೋದವನು ತಿರುಗಿ ಬರಲಿಲ್ಲವಂತೆ, ಮನೆಯನ್ನು ಅವನು ಬಿಟ್ಟುಹೋದ ಹಾಗೇ ಇರಿಸಬೇಕೆಂದು ಮಹಾರಾಜರು ಹೇಳಿದರಂತೆ. ಜನ ಹೇಳಿಕೊಂಡು ಬಂದ ಕಥೆ ಇಷ್ಟೇ. ಇದರಲ್ಲಿ ದೆವ್ವ ಎಲ್ಲೂ ಬರುವುದಿಲ್ಲ ಎಂಬುದನ್ನು ಗಮನಿಸಿ. ಹಾಸಿದ ಮಂಚ, ಇಟ್ಟ ಮೇಜು, ಬಾರದ ಯಜಮಾನ. ಹಳೆಯ ಸಿನಿಮಾ ನೋಡುವಾಗ ಪಾತ್ರಗಳ ಹಿಂದಿನ ಸಾಮಾನಿನ ಮೇಲೆ ಒಂದು ಕಣ್ಣಿಡಿ ಎನ್ನುವುದು ಇದಕ್ಕೇ. ಒಳ್ಳೆಯ ಕಲಾನಿರ್ದೇಶಕ ಖಾಲಿ ಕುರ್ಚಿಯನ್ನು ಎಲ್ಲಿಟ್ಟಿದ್ದಾನೆ ಎಂಬುದರಲ್ಲೇ ಅರ್ಧ ಕಥೆ ಹೇಳಿರುತ್ತಾನೆ.

ಕನ್ನಡಕ್ಕೆ ಬರೋಣ. ನೀವು ಒಂದೇ ಒಂದು ಹಳೆಯ ಕನ್ನಡ ದೆವ್ವದ ಸಿನಿಮಾ ನೋಡುವವರಾದರೆ 'ನಾ ನಿನ್ನ ಬಿಡಲಾರೆ' ನೋಡಿ. 1979ರದು, ನಿರ್ದೇಶನ ವಿಜಯ್, ಸಂಗೀತ ರಾಜನ್-ನಾಗೇಂದ್ರ, ಅನಂತನಾಗ್ ಮತ್ತು ಲಕ್ಷ್ಮಿ ಜೋಡಿ. ದೇವರನ್ನು ನಂಬದ ಗಂಡಿಗೆ ಹೆಣ್ಣು ದೆವ್ವ ಮೆಟ್ಟಿಕೊಳ್ಳುತ್ತದೆ, ರಾಯರನ್ನು ನಂಬಿದ ಹೆಂಡತಿ ಅವನನ್ನು ಮಂತ್ರಾಲಯದ ದಾರಿಗೆ ತರುತ್ತಾಳೆ. ಕಥೆಯನ್ನು ಎರಡು ಸಾಲಿನಲ್ಲಿ ಹೇಳಿದರೆ ಹರಿಕಥೆ ಕೇಳಿದ ಹಾಗಿರುತ್ತದೆ. ನೋಡಬೇಕಾದ್ದು ಬೇರೆ. ನಮ್ಮ ಹಳ್ಳಿಗಳಲ್ಲಿ ಗಾಳಿ ಸೋಕುವುದು, ಮೈಮೇಲೆ ಬರುವುದು ಸಾಮಾನ್ಯವಾಗಿ ಹೆಂಗಸರಿಗೆ. ಗಂಡಸರು ಸುತ್ತ ನಿಂತು ಬೇವಿನಸೊಪ್ಪು ಹಿಡಿದು 'ಯಾರು ನೀನು, ಎಲ್ಲಿಂದ ಬಂದೆ' ಎಂದು ಗದರಿಸುವವರು. ಈ ಚಿತ್ರ ಅದನ್ನು ತಿರುವಿ ಹಾಕಿದೆ. ಇಲ್ಲಿ ಗಂಡಸಿನ ಮೈಯೇ ಜಗಳದ ಜಾಗ, ಅದಕ್ಕಾಗಿ ಸೆಣಸುವವರು ಇಬ್ಬರು ಹೆಂಗಸರು, ಒಬ್ಬಳು ಬದುಕಿದವಳು, ಒಬ್ಬಳು ಸತ್ತವಳು.

ಅನಂತನಾಗ್ ಆಗಿನ್ನೂ 'ಅಂಕುರ್', 'ಹಂಸಗೀತೆ'ಗಳಿಂದ ಬಂದ ಮೆದುಮುಖದ ನಟ. ಜನರಿಗೆ ಬೈಯಲು ಮನಸ್ಸು ಬಾರದಂಥ ಮುಖ. ಆ ಮುಖವನ್ನು ಕೆಡಿಸುವುದರಲ್ಲೇ ಚಿತ್ರದ ಜಾಣತನವಿದೆ. ಮೈಮೇಲೆ ಬಂದ ದೃಶ್ಯಗಳಲ್ಲಿ ನಟನ ಕೂಗಾಟಕ್ಕಿಂತ ಅದರ ಮುಂಚಿನ ಕೆಲವು ಕ್ಷಣಗಳನ್ನು ನೋಡಿ. ಮನೆಯವರೊಂದಿಗೆ ಮಾತಾಡುತ್ತಿರುವ ಮನುಷ್ಯ ಎಲ್ಲಿ ಸುಮ್ಮನಾಗುತ್ತಾನೆ, ನೋಟ ಎಲ್ಲಿ ನೆಟ್ಟಗಾಗುತ್ತದೆ. ಅದು ಸಿಕ್ಕಿದರೆ ಆಮೇಲಿನ ಅಬ್ಬರ ನಿಮಗೆ ಅತಿಯೆನಿಸುವುದಿಲ್ಲ. ಇದೇ ನಿರ್ದೇಶಕರು 1981ರಲ್ಲಿ ಇದನ್ನು 'ಮಂಗಲಸೂತ್ರ' ಎಂದು ಹಿಂದಿಗೆ ತೆಗೆದುಕೊಂಡು ಹೋದರು. ಅಲ್ಲೂ ನಾಯಕ ಅನಂತನಾಗ್, ಹೆಂಡತಿ ರೇಖಾ. ಎರಡನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದರೆ ನಟನೊಬ್ಬ ಒಂದೇ ದೆವ್ವವನ್ನು ಎರಡು ಸಲ ಹೇಗೆ ಹೊತ್ತ ಎಂದು ತಿಳಿಯುತ್ತದೆ. ನನ್ನ ಓಟು ಕನ್ನಡಕ್ಕೆ.

ಕೊನೆಗೆ ದೇವರೇ ಬಂದು ಬಿಡಿಸಬೇಕೇ ಎಂದು ಮೂಗು ಮುರಿಯುವವರು ಇದ್ದಾರೆ. 'ದಿ ಎಕ್ಸಾರ್ಸಿಸ್ಟ್' ಬಂದದ್ದು 1973ರಲ್ಲಿ. ಅಲ್ಲಿ ಬಂದವರು ಪಾದ್ರಿಗಳು, ಅದನ್ನು ಯಾರೂ ಅಗ್ಗವೆನ್ನಲಿಲ್ಲ. ಭಯ ಯಾವ ನಂಬಿಕೆಯಿಂದ ಹುಟ್ಟಿತೋ ಪರಿಹಾರವೂ ಅದೇ ನಂಬಿಕೆಯಿಂದ ಬರಬೇಕು. ದೆವ್ವವನ್ನು ಒಪ್ಪಿ ರಾಯರನ್ನು ಒಲ್ಲೆನೆನ್ನುವ ಪ್ರೇಕ್ಷಕನಿಗೆ ಅರ್ಧ ಟಿಕೆಟ್ಟೇ ಸಾಕು.

ಈಗ ನೋಡುವ ಸಾಧನದ ಮಾತು. ಎಂಬತ್ತು-ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಗಣೇಶನ ಹಬ್ಬಕ್ಕೋ ಶಿವರಾತ್ರಿ ಜಾಗರಣೆಗೋ ಪಟ್ಟಣದಿಂದ ಕಲರ್ ಟಿ.ವಿ., ವಿ.ಸಿ.ಪಿ. ಬಾಡಿಗೆಗೆ ತಂದು ಬೀದಿಯಲ್ಲಿಟ್ಟು ಬೆಳಗಿನವರೆಗೆ ಸಿನಿಮಾ ಹಾಕುತ್ತಿದ್ದರು. ಭಕ್ತಿಚಿತ್ರ ಮೊದಲು, ಆಮೇಲೆ ಅಣ್ಣಾವ್ರದು. ದೆವ್ವದ್ದು ಯಾವಾಗಲೂ ಕೊನೆಗೆ, ನಿದ್ದೆಗಣ್ಣಿನ ಹೊತ್ತಿಗೆ. ಹೆಡ್ಡು ಕೊಳೆಯಾಗಿ ತೆರೆಯ ಮೇಲೆ ಮಳೆ ಸುರಿದಂತೆ ಗೆರೆ ಬರುತ್ತಿತ್ತು, ಆ ಗೆರೆಗಳ ನಡುವೆ ದೆವ್ವ ಇನ್ನಷ್ಟು ದೆವ್ವವಾಗಿ ಕಾಣುತ್ತಿತ್ತು. ವಿ.ಸಿ.ಡಿ. ಬಂದ ಮೇಲೆ ಲೆಕ್ಕ ಬದಲಾಯಿತು. ಒಂದು ತಟ್ಟೆಗೆ ಸುಮಾರು 74 ನಿಮಿಷ, ಅದಕ್ಕೇ ಸಿನಿಮಾಕ್ಕೆ ಎರಡು ಮೂರು ತಟ್ಟೆ. ಚಿತ್ರದ ಅಗಲ 352 ಚುಕ್ಕೆ, ಎತ್ತರ 288. ಹಗಲಿನ ದೃಶ್ಯಕ್ಕೆ ತೊಂದರೆಯಿಲ್ಲ. ಕತ್ತಲಿನ ದೃಶ್ಯ ಬಂತೋ, ಕಪ್ಪೆಲ್ಲ ಒಡೆದು ಚೌಕಚೌಕವಾಗಿ ತೆರೆಯ ಮೇಲೆ ಹರಿದಾಡುತ್ತದೆ. ದೆವ್ವದ ಸಿನಿಮಾದಲ್ಲಿ ಇರುವುದೇ ಕತ್ತಲು! ಆದ್ದರಿಂದ ವಿ.ಸಿ.ಡಿ. ನೋಡಿ ಛಾಯಾಗ್ರಾಹಕನಿಗೆ ಅಂಕ ಕೊಡಲು ಹೋಗಬೇಡಿ, ಆ ತಟ್ಟೆಯಲ್ಲಿ ಅವನ ಕೆಲಸ ಉಳಿದೇ ಇಲ್ಲ.

ಇದಕ್ಕಿಂತ ದೊಡ್ಡ ಅನ್ಯಾಯ ಅಂಚು ಕತ್ತರಿಸುವುದು. ಅಗಲ ತೆರೆಗೆ ತೆಗೆದ ಸಿನಿಮಾವನ್ನು ಹಳೆಯ ಟಿ.ವಿ.ಯ ಚೌಕಕ್ಕೆ ಹೊಂದಿಸಲು ಎಡಬಲ ಕತ್ತರಿಸಿ ಕ್ಯಾಸೆಟ್ಟು ಮಾಡುತ್ತಿದ್ದರು. ಜಾನ್ ಕಾರ್ಪೆಂಟರನ 'ಹ್ಯಾಲೋವೀನ್' (1978) ಇದಕ್ಕೆ ಒಳ್ಳೆಯ ಉದಾಹರಣೆ. ಮುಖವಾಡದ ಕೊಲೆಗಾರ ಅದರಲ್ಲಿ ಅನೇಕ ಸಲ ಚೌಕಟ್ಟಿನ ತೀರ ಅಂಚಿನಲ್ಲಿ, ಅಲುಗಾಡದೆ, ಗಮನಿಸಿದವರಿಗೆ ಮಾತ್ರ ಕಾಣುವಂತೆ ನಿಂತಿರುತ್ತಾನೆ. ಅಂಚು ಹೋದರೆ ಅವನೂ ಹೋದ. ಡಿಸ್ಕು ಕೊಳ್ಳುವಾಗ ಮೇಲೆ ಕೆಳಗೆ ಕಪ್ಪು ಪಟ್ಟಿ ಇರುವ ಪ್ರತಿಯನ್ನೇ ಹುಡುಕಿ. ಪಟ್ಟಿ ಕಂಡು ಚಿತ್ರ ಚಿಕ್ಕದಾಯಿತೆಂದು ಝೂಮ್ ಒತ್ತುವ ಬಂಧುಗಳಿಂದ ದೂರವಿರಿ.

ರಾಮ್ಸೇ ಸಹೋದರರ ಹಿಂದಿ ಚಿತ್ರಗಳನ್ನು ಬಿಡಬೇಡಿ, ತಲೆಯ ಮೇಲೂ ಕೂರಿಸಿಕೊಳ್ಳಬೇಡಿ. ಏಳು ಜನ ಅಣ್ಣತಮ್ಮಂದಿರು ಕ್ಯಾಮೆರಾ, ಧ್ವನಿ, ಬರವಣಿಗೆ, ನಿರ್ದೇಶನ ಹಂಚಿಕೊಂಡು ನಡೆಸಿದ ಕುಟುಂಬದ ದಂಧೆ ಅದು. 'ಪುರಾನಾ ಮಂದಿರ್' (1984) ಒಂದು ಸಾಕು. ಕೆಂಪು, ನೀಲಿ, ಹಸಿರು ದೀಪಗಳನ್ನು ಅವರು ಬಳಸಿದ ಬಗೆ ನೋಡಿ. ನಡುವೆ ಬರುವ ಹಾಸ್ಯದ ಉಪಕಥೆಗೆ ಮಾತ್ರ ಫಾಸ್ಟ್ ಫಾರ್ವರ್ಡ್ ಒತ್ತಲು ನಾನೇ ಅನುಮತಿ ಕೊಡುತ್ತೇನೆ.

ದೆವ್ವವಿಲ್ಲದೆ ಹೆದರಿಸಿದ ಕನ್ನಡ ಚಿತ್ರಗಳದ್ದು ಬೇರೆಯೇ ಕುಲ. ಸುನಿಲ್ ಕುಮಾರ್ ದೇಸಾಯಿ ಅವರ ಮೊದಲ ಚಿತ್ರ 'ತರ್ಕ' 1989ರದು, ಶಂಕರ್ ನಾಗ್ ಅಭಿನಯ, ಒಂದೂ ಹಾಡಿಲ್ಲ. ಆ ಕಾಲದಲ್ಲಿ ಹಾಡಿಲ್ಲದ ಸಿನಿಮಾ ಮಾಡುವುದಕ್ಕೆ ಗುಂಡಿಗೆ ಬೇಕಿತ್ತು. ಹಾಡು ಎಂದರೆ ಪ್ರೇಕ್ಷಕನಿಗೆ ಉಸಿರಾಡಲು ಬಿಟ್ಟ ಕಿಟಕಿ, ದೇಸಾಯಿ ಅದನ್ನು ಮುಚ್ಚಿದರು. ನಾಲ್ಕು ವರ್ಷದ ಮೇಲೆ ಉಪೇಂದ್ರ 'ಶ್!' ಮಾಡಿ, ದೆವ್ವದ ವದಂತಿಯನ್ನೇ ಪಾತ್ರವಾಗಿಸಿದರು. ಎರಡನ್ನೂ ಒಂದೇ ವಾರ ನೋಡಿ. ಒಂದರಲ್ಲಿ ಮೌನದ ಒತ್ತಡ, ಇನ್ನೊಂದರಲ್ಲಿ ಗದ್ದಲದ ನಡುವಿನ ದಿಗಿಲು.

ಮೊದಲ ಸಲ ಹೆದರಿ ಮುಗಿದ ಮೇಲೆ ಅಡುಗೆಮನೆಯಿಂದ ರಿಮೋಟು ತನ್ನಿ. ಎರಡನೆಯ ನೋಟ ಕಸುಬಿನವನ ನೋಟ. 'ಸೈಕೋ' (1960) ಚಿತ್ರದ ಬಚ್ಚಲುಮನೆಯ ಕೊಲೆಯನ್ನು ಒಮ್ಮೆ ಸದ್ದು ಪೂರ್ತಿ ಆರಿಸಿ ನೋಡಿ. ಚೂರುಚೂರು ಚಿತ್ರಗಳು, ಅಷ್ಟೇ. ಈಗ ತೆರೆಗೆ ಬೆನ್ನು ಹಾಕಿ ಸದ್ದು ಮಾತ್ರ ಕೇಳಿ. ಬರ್ನಾರ್ಡ್ ಹರ್ಮನ್ ಬರೆದ ಪಿಟೀಲುಗಳ ಕಿರುಚಾಟ ಬೆನ್ನುಹುರಿಯಲ್ಲಿ ಇಳಿಯುತ್ತದೆ. ಹಿಚ್‌ಕಾಕ್ ಆ ದೃಶ್ಯಕ್ಕೆ ಸಂಗೀತವೇ ಬೇಡವೆಂದಿದ್ದರು, ಹರ್ಮನ್ ಬರೆದು ಕೇಳಿಸಿದ ಮೇಲೆ ಒಪ್ಪಿದರು. ಇದೇ ಪ್ರಯೋಗವನ್ನು 'ಆಪ್ತಮಿತ್ರ'ದ (2004) ಮೇಲೂ ಮಾಡಬಹುದು, ಆದರೆ ಅಲ್ಲಿ ಬೇರೆ ಲಾಭವಿದೆ. ಫಾಜಿಲ್ ನಿರ್ದೇಶನದ 1993ರ ಮಲಯಾಳಂ ಚಿತ್ರ 'ಮಣಿಚಿತ್ರತಾಳ್' ಇದರ ಮೂಲ. ಗುಟ್ಟು ಗೊತ್ತಾದ ಮೇಲೆ ಎರಡನೆಯ ಸಲ ನೋಡುವಾಗ ನಾಗವಲ್ಲಿಯ ಅಬ್ಬರದ ಗೊಡವೆ ಬಿಡಿ. ಬೀಗ ಹಾಕಿದ ಕೋಣೆ ತೆಗೆಸಿದಾಗಿನಿಂದ ಗಂಗಾ ಸುಮ್ಮನೆ ಹಿಂದೆ ನಿಂತಿರುವ ದೃಶ್ಯಗಳನ್ನು ಮಾತ್ರ ಹಿಂಬಾಲಿಸಿ. ನಿರ್ದೇಶಕ ಪಿ. ವಾಸು ನಮ್ಮ ಅನುಮಾನವನ್ನು ಪ್ರೇಮಾ ಪಾತ್ರದ ಕಡೆ ಅಟ್ಟುತ್ತಿರುವಾಗ ಗಂಗಾ ಆಗಿರುವ ಸೌಂದರ್ಯ ಪಕ್ಕದಲ್ಲಿ ಮುಗ್ಧ ಮುಖ ಹೊತ್ತು ನಿಂತಿರುತ್ತಾರೆ. ಚಿತ್ರ ತೆರೆಗೆ ಬರುವ ಕೆಲವೇ ತಿಂಗಳ ಮುಂಚೆ, ಆ ಏಪ್ರಿಲ್‌ನಲ್ಲಿ, ಅವರು ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಮೊದಲ ದಿನದ ಪ್ರೇಕ್ಷಕರೂ ಅದನ್ನು ತಿಳಿದೇ ಆ ಮುಖವನ್ನು ನೋಡಿದರು.

ಕ್ಯಾಸೆಟ್ಟಿನಲ್ಲೇ ನೋಡಬೇಕಾದ ಚಿತ್ರವೂ ಒಂದಿದೆ. ಹಿದೆಯೊ ನಕಾತಾ ಅವರ ಜಪಾನಿ ಚಿತ್ರ 'ರಿಂಗು' (1998). ಶಾಪ ಅಂಟಿದ ವಿಡಿಯೋ ಕ್ಯಾಸೆಟ್ಟು, ನೋಡಿದವರಿಗೆ ಏಳು ದಿನದ ಗಡುವು. ಮನೆಯ ಟಿ.ವಿ.ಯೇ ದೆವ್ವದ ಹೊಸಿಲು. ಟಾಕೀಸಿನಲ್ಲಿ ನೋಡಿದವರಿಗೆ ಸಿಕ್ಕದ ಹೆದರಿಕೆ ಇದು, ಮನೆಯಲ್ಲಿ ನೋಡುವವರ ಪಾಲಿಗೇ ಮೀಸಲು.

ದುಡ್ಡು ಹಾಕುವ ಮುಂಚೆ ಪುಕ್ಕಟೆ ಸಿಗುವುದನ್ನು ನೋಡಿ ಮುಗಿಸಿ. 'ನೈಟ್ ಆಫ್ ದಿ ಲಿವಿಂಗ್ ಡೆಡ್' (1968) ಹೆಸರು ಬದಲಿಸುವಾಗ ಹಕ್ಕುಸ್ವಾಮ್ಯದ ಸಾಲು ಬಿಟ್ಟುಹೋಗಿ ಎಲ್ಲರ ಸೊತ್ತಾಯಿತು. ಮುರ್ನಾವ್‌ನ ಮೂಕಿಚಿತ್ರ 'ನೊಸ್ಫೆರಾಟು'ವಿನ (1922) ಪ್ರತಿಗಳನ್ನೆಲ್ಲ ನಾಶ ಮಾಡಬೇಕೆಂದು ಡ್ರಾಕುಲಾ ಬರೆದ ಸ್ಟೋಕರನ ಹೆಂಡತಿ ಹೂಡಿದ ದಾವೆಯಲ್ಲಿ ಜರ್ಮನಿಯ ಕೋರ್ಟು ತೀರ್ಪು ಕೊಟ್ಟಿತ್ತು. ಅಲ್ಲಿ ಇಲ್ಲಿ ಉಳಿದ ಪ್ರತಿಗಳಿಂದ ಅದು ಬದುಕಿತು. ಕನ್ನಡದ ಎಷ್ಟೋ ಚಿತ್ರಗಳಿಗೆ ಇವತ್ತಿಗೂ ಯಾರದೋ ಅಟ್ಟದ ಮೇಲಿನ ಕ್ಯಾಸೆಟ್ಟೇ ಗತಿ. ಮೈಸೂರು, ಮಂಡ್ಯದ ಹಳೆ ಸಾಮಾನಿನ ಅಂಗಡಿಗಳಲ್ಲಿ ಸಿಕ್ಕಿದರೆ ಕೊಳ್ಳಿ, ಬೂಷ್ಟು ಹಿಡಿದದ್ದನ್ನು ಮಾತ್ರ ಡೆಕ್ಕಿಗೆ ಹಾಕಬೇಡಿ. ಒಂದು ಕೆಟ್ಟ ಕ್ಯಾಸೆಟ್ಟು ಹೆಡ್ಡಿಗೆ ಅಂಟಿಸಿದ ಕೊಳೆ ಮುಂದಿನ ಹತ್ತು ಕ್ಯಾಸೆಟ್ಟಿಗೆ ಹತ್ತುತ್ತದೆ.

ಇನ್ನೊಂದು ಕೆಲಸ ಬಾಕಿ. 'ನಾ ನಿನ್ನ ಬಿಡಲಾರೆ'ಯನ್ನು ಟಾಕೀಸಿನಲ್ಲಿ ನೋಡಿದ ಹಿರಿಯರು ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇದ್ದೇ ಇರುತ್ತಾರೆ. ಡಿಸ್ಕು ಹಾಕುವ ಮುಂಚೆ ಅವರನ್ನು ಕೂರಿಸಿಕೊಂಡು ಏನೇನು ನೆನಪಿದೆಯೆಂದು ಕೇಳಿ, ಬರೆದಿಟ್ಟುಕೊಳ್ಳಿ. ಆಮೇಲೆ ಒಟ್ಟಿಗೆ ನೋಡಿ. ಅವರು ಹೇಳಿದ್ದರಲ್ಲಿ ಒಂದೆರಡು ದೃಶ್ಯ ಚಿತ್ರದಲ್ಲಿ ಎಲ್ಲೂ ಇರುವುದಿಲ್ಲ. ಜಗಳವಾಡಬೇಡಿ, ತಿದ್ದಲೂ ಹೋಗಬೇಡಿ. ಆ ಚೀಟಿಯನ್ನು ನನಗೆ ಕಳಿಸಿ, ನನ್ನ ಮುಂದಿನ ಕಥೆಗೆ ಸರಕು ಬೇಕಾಗಿದೆ.